ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನೆಂದು ಹೇಳಬೇಕು?

ಶಾಲಾ ಕ್ರೀಡಾಕೂಟಗಳು ಆರಂಭವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಟದ ಮೈದಾನದ ಸಂಕಟಗಳೇ ಹೆಚ್ಚಾಗಿರುತ್ತವೆ. ಗೆದ್ದವರು ಯಾರೂ ಬರೆಯುವುದಿಲ್ಲ. ತಂಡಕ್ಕೆ ಆಯ್ಕೆಯಾಗದವರು, ಅವರ ಹೆತ್ತವರು, ಅವರನ್ನು ಕೈಬಿಡಬೇಕಾಗಿ ಬಂದ ಶಿಕ್ಷಕರು ಬರೆಯುತ್ತಾರೆ. ಅಂಥ ನಾಲ್ಕು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮಲ್ಲಿ ಬಾಲಕಿಯರ ಕಬಡ್ಡಿ ಅಭ್ಯಾಸಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬರುತ್ತಾರೆ. ತಾಲ್ಲೂಕು ಮಟ್ಟಕ್ಕೆ 12 ಮಂದಿಯನ್ನು ಮಾತ್ರ ಕರೆದೊಯ್ಯಬಹುದು. ಪ್ರತಿವರ್ಷವೂ ಸೂಚನಾ ಫಲಕದಲ್ಲಿ ಪಟ್ಟಿ ಅಂಟಿಸಿ ಸುಮ್ಮನಾಗುತ್ತಿದ್ದೆ. ಈ ವರ್ಷ ಒಂಬತ್ತನೇ ತರಗತಿಯ ಒಬ್ಬಳು, ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು ಗೆರೆ ಹಾಕುತ್ತಿದ್ದವಳು, ಪಟ್ಟಿ ನೋಡಿದ ಮರುದಿನದಿಂದ ಬರುವುದನ್ನೇ ಬಿಟ್ಟಿದ್ದಾಳೆ. ಎದುರಿಗೆ ಸಿಕ್ಕರೂ ತಲೆ ತಗ್ಗಿಸಿ ಹೋಗುತ್ತಾಳೆ. ಇದ್ದದ್ದನ್ನು ಇದ್ದಂತೆ ಹೇಳಿದರೆ ಮಕ್ಕಳು ಕುಗ್ಗಿಹೋಗುತ್ತಾರೆ ಎಂದು ನಾನು ಏನೂ ಹೇಳಿರಲಿಲ್ಲ. ಈಗೇನು ಮಾಡಲಿ?
– ಹಾವೇರಿ ಜಿಲ್ಲೆಯ ಒಬ್ಬ ಶಿಕ್ಷಕ

ಉತ್ತರ: ನೀವು ಹೇಳದೆ ಉಳಿದರೂ ಆ ಹುಡುಗಿ ಕುಗ್ಗಿದ್ದಾಳೆ, ಅದರ ಜೊತೆಗೆ ತನ್ನ ಆಟದಲ್ಲಿ ಎಲ್ಲಿ ಕೊರತೆಯಿತ್ತು ಎಂಬುದೂ ಅವಳಿಗೆ ತಿಳಿಯದೆ ಹೋಗಿದೆ. ಕಾರಣ ತಿಳಿಯದ ಮಕ್ಕಳು ಕಾರಣವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನಮ್ಮ ಮನೆಯವರು ಕೂಲಿಗೆ ಹೋಗುವವರೆಂದು ಬಿಟ್ಟರು, ನಮ್ಮ ಓಣಿ ನೋಡಿ ಬಿಟ್ಟರು, ಸರ್‌ಗೆ ಅವಳನ್ನು ಕಂಡರೆ ಅಕ್ಕರೆ, ನನ್ನನ್ನು ಕಂಡರೆ ಆಗುವುದಿಲ್ಲ ಎಂದೆಲ್ಲ ಅಂದುಕೊಳ್ಳುತ್ತಾರೆ. ಇವುಗಳಲ್ಲಿ ಒಂದೂ ನಿಜವಲ್ಲದಿರಬಹುದು, ಆದರೆ ಅದನ್ನು ಅಲ್ಲಗಳೆಯುವ ಮಾತು ನಿಮ್ಮ ಬಾಯಿಂದ ಬಂದಿಲ್ಲವಲ್ಲ. 'ಕಾಲು ಹಿಡಿಯಲು ನೀನು ಅವಸರ ಮಾಡುತ್ತೀಯ' ಎಂಬ ನೇರ ಮಾತು ಇವೆಲ್ಲಕ್ಕಿಂತ ಎಷ್ಟೋ ಹಗುರ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಆ ಹುಡುಗಿಯ ವಿಷಯ. ನಾಳೆಯೇ ಅವಳನ್ನು ಕರೆಸಿ. ಕೋಣೆಯ ಬಾಗಿಲು ಮುಚ್ಚಿ ಮಾತನಾಡುವುದು ಬೇಡ. ಮೈದಾನದ ಅಂಚಿನಲ್ಲಿ, ಎಲ್ಲರ ಕಣ್ಣಿಗೂ ಕಾಣುವ ಆದರೆ ಯಾರ ಕಿವಿಗೂ ಬೀಳದ ಕಡೆ ಕೂರಿಸಿಕೊಳ್ಳಿ. ಸಾಧ್ಯವಿದ್ದರೆ ಶಿಕ್ಷಕಿಯೊಬ್ಬರು ಹತ್ತಿರದಲ್ಲಿರಲಿ. ಪಟ್ಟಿ ಹಾಕುವ ಮೊದಲೇ ನಿನಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ ಎಂದು ಒಪ್ಪಿಕೊಂಡು ಮಾತು ಶುರುಮಾಡಿ. ಆಮೇಲೆ ನೀವು ಕಂಡದ್ದನ್ನು ಹೇಳಿ.

ಹೇಳುವುದು ಹೇಗೆ ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಅವಳು ಎಡ ಕಾರ್ನರ್‌ನಲ್ಲಿ ನಿಲ್ಲುವವಳು ಎಂದಿಟ್ಟುಕೊಳ್ಳಿ. 'ನೋಡವ್ವಾ, ಈ ಸಲದ 12 ಮಂದಿಯಲ್ಲಿ ನೀನಿಲ್ಲ. ಇದು ನನ್ನದೇ ತೀರ್ಮಾನ. ಎದುರಾಳಿ ರೈಡರ್ ಒಳಗೆ ಪೂರ್ತಿ ಬರುವ ಮುನ್ನವೇ ನೀನು ಕಾಲಿಗೆ ಕೈ ಹಾಕುತ್ತೀಯ. ಅವಳ ತೂಕ ಇನ್ನೂ ಹಿಂದಿನ ಕಾಲಿನ ಮೇಲೇ ಇರುತ್ತದೆ, ಹಾಗಾಗಿ ಸುಲಭವಾಗಿ ಕಾಲು ಕೊಡವಿ ನಿನ್ನನ್ನು ಔಟ್ ಮಾಡಿ ಹೋಗುತ್ತಾಳೆ. ಕಳೆದ ವಾರದ ಅಭ್ಯಾಸದಲ್ಲಿ ನೀನು ಹಿಡಿಯಲು ಹೋದದ್ದು ಎಷ್ಟು ಸಲ, ಹಿಡಿತ ನಿಂತದ್ದು ಎಷ್ಟು ಸಲ ಎಂದು ಇಲ್ಲಿ ಬರೆದಿದ್ದೇನೆ, ನೀನೇ ನೋಡು. ನಿನ್ನ ಕೈಯ ಬಿಗಿ ಚೆನ್ನಾಗಿದೆ, ಕಾಯುವುದನ್ನು ಕಲಿಯಬೇಕು.' ಇಷ್ಟು ಸಾಕು. ಇದರಲ್ಲಿ ಅವಳ ಸ್ವಭಾವದ ಮೇಲೆ ಒಂದು ಮಾತೂ ಇಲ್ಲ ಎಂಬುದನ್ನು ಗಮನಿಸಿ. 'ನಿನ್ನಲ್ಲಿ ಛಲವಿಲ್ಲ', 'ನಿನಗೆ ಆಟದ ಬುದ್ಧಿ ಸಾಲದು' ಎಂಬಂಥ ಮಾತುಗಳನ್ನು ಕೆಲವು ತರಬೇತುದಾರರು ನಿಷ್ಠುರ ಸತ್ಯವೆಂದು ಭಾವಿಸಿ ಹೇಳುತ್ತಾರೆ. ಅವು ತೀರ್ಪುಗಳು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದು ಅವುಗಳನ್ನು ತಿದ್ದಿಕೊಳ್ಳುವುದು ಹೇಗೆಂದು ಯಾವ ಮಗುವಿಗೂ ತಿಳಿಯುವುದಿಲ್ಲ. ಕಾಲಿಗೆ ಕೈ ಹಾಕುವ ಮುನ್ನ ಒಂದು ಹೆಜ್ಜೆ ಕಾಯುವುದು ಹೇಗೆಂದು ತಿಳಿಯುತ್ತದೆ.

ತೀರ್ಮಾನವನ್ನು ಮೊದಲ ವಾಕ್ಯದಲ್ಲೇ ಹೇಳಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬಹಳ ಮಂದಿ ಹೊಗಳಿಕೆಯಿಂದ ಶುರುಮಾಡಿ, ನಡುವೆ ಕಹಿ ಸುದ್ದಿ ಸೇರಿಸಿ, ಕೊನೆಗೆ ಮತ್ತೆ ಬೆನ್ನು ತಟ್ಟಿ ಕಳಿಸುತ್ತಾರೆ. ಹದಿನಾಲ್ಕು ವರ್ಷದ ಮಗು ಹೊಗಳಿಕೆ ಕೇಳುತ್ತಿದ್ದಂತೆ ತಾನು ಆಯ್ಕೆಯಾಗಿದ್ದೇನೆಂದೇ ತಿಳಿಯುತ್ತದೆ, ಮುಂದಿನ ಮಾತಿಗೆ ಮುಖ ಬಾಡುತ್ತದೆ, ಕೊನೆಯಲ್ಲಿ ಹೇಳಿದ ಒಳ್ಳೆಯ ಮಾತು ಕಿವಿಗೇ ಬೀಳುವುದಿಲ್ಲ. ಅದೇ ರೀತಿ 'ಮುಂದಿನ ವರ್ಷ ಖಂಡಿತ ತಗೋತೀನಿ' ಎಂಬ ಮಾತನ್ನೂ ಆಡಬೇಡಿ. ಮುಂದಿನ ವರ್ಷ ಯಾರು ಬರುತ್ತಾರೋ, ಅವಳ ಆಟ ಎಲ್ಲಿಗೆ ಮುಟ್ಟಿರುತ್ತದೋ ಯಾರಿಗೂ ಗೊತ್ತಿಲ್ಲ. ಅಭ್ಯಾಸಕ್ಕೆ ಬಾ, ಕಾರ್ನರ್‌ನಲ್ಲಿ ನಿನಗೆ ಪ್ರತಿದಿನ ಸಮಯ ಕೊಡುತ್ತೇನೆ ಎನ್ನಬಹುದು, ಅದೂ ನಿಜವಾಗಿ ಕೊಡುವುದಾದರೆ ಮಾತ್ರ. ಆಯ್ಕೆಯಾದ ಮಕ್ಕಳ ಜೊತೆ ಹೋಲಿಸಿ ಮಾತನಾಡುವುದು ಕೂಡ ಬೇಡ. ಅವಳು ನಾಳೆಯೂ ಅವರ ಪಕ್ಕದಲ್ಲೇ ಕೂತು ಪಾಠ ಕೇಳಬೇಕಾದವಳು.

ಅತ್ತರೆ ಅಳಲು ಬಿಡಿ. ಮೌನವಾಗಿದ್ದರೆ ಆ ಮೌನವನ್ನು ತುಂಬಲು ಹೋಗಬೇಡಿ. ಆ ದಿನ ಅವಳಿಂದ ಯಾವ ಉತ್ತರವನ್ನೂ ನಿರೀಕ್ಷಿಸದೆ ಕಳಿಸಿ, ಎರಡು ಮೂರು ದಿನ ಕಳೆದ ಮೇಲೆ ಇನ್ನೊಮ್ಮೆ ಕರೆದು ಮಾತನಾಡಿಸಿ. ಹೇಳಿದ್ದರಲ್ಲಿ ಅರ್ಧಕ್ಕರ್ಧ ಎರಡನೆಯ ಸಲವೇ ತಲೆಗೆ ಹೋಗುತ್ತದೆ. ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ಕೆಲಸವಿದೆ. 'ತಂಡದಲ್ಲೇ ಇಲ್ಲದ ಮೇಲೆ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋಗುವುದು ಯಾಕೆ, ಮನೆಗೆಲಸ ನೋಡು' ಎಂದು ಮನೆಯಲ್ಲಿ ಹೇಳುವ ಸಾಧ್ಯತೆ ಹೆಚ್ಚು. ಆದ್ದರಿಂದ ತಂದೆ ತಾಯಿಗೆ ನೀವೇ ಫೋನ್ ಮಾಡಿ, ಅವಳು ಆಯ್ಕೆಯಾಗಿಲ್ಲ, ಆದರೆ ಅಭ್ಯಾಸಕ್ಕೆ ಬರುವುದು ಬೇಕು ಎಂದು ತಿಳಿಸಿ. ಈ ಒಂದು ಫೋನ್ ಕರೆಯ ಮೇಲೆ ಎಷ್ಟೋ ಹುಡುಗಿಯರ ಆಟ ನಿಂತಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅವಳು ಒಪ್ಪದಿರಬಹುದು. 2022ರ ಫೆಬ್ರುವರಿಯಲ್ಲಿ ನಡೆದ ಒಂದು ಪ್ರಸಂಗ ನಿಮಗೆ ನೆನಪಿರಬಹುದು. ಆಗ ಭಾರತ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾಗಿದ್ದ ನಮ್ಮ ರಾಹುಲ್ ದ್ರಾವಿಡ್ ಅವರು, 37 ವರ್ಷದ ವಿಕೆಟ್ ಕೀಪರ್ ವೃದ್ಧಿಮಾನ್ ಸಹಾ ಅವರಿಗೆ ಮುಂದೆ ಟೆಸ್ಟ್ ತಂಡಕ್ಕೆ ಪರಿಗಣಿಸುವುದಿಲ್ಲವೆಂದು ಮೊದಲೇ ಖುದ್ದಾಗಿ ತಿಳಿಸಿದ್ದರು. ರಿಷಭ್ ಪಂತ್ ಮೊದಲ ಆಯ್ಕೆಯಾಗಿ ನೆಲೆಗೊಂಡಿದ್ದರಿಂದ ಎರಡನೆಯ ಸ್ಥಾನಕ್ಕೆ ಕಿರಿಯರೊಬ್ಬರನ್ನು ಬೆಳೆಸುವುದು ತಂಡದ ಉದ್ದೇಶವಾಗಿತ್ತು. ಸಹಾ ನೊಂದುಕೊಂಡರು, ಆ ಮಾತುಕತೆಯನ್ನು ಪತ್ರಕರ್ತರ ಮುಂದೆ ಬಹಿರಂಗಪಡಿಸಿದರು. ಅದರ ಬಗ್ಗೆ ಕೇಳಿದಾಗ ದ್ರಾವಿಡ್ ಬೇಸರ ಮಾಡಿಕೊಳ್ಳಲಿಲ್ಲ. ಸಹಾ ಮೇಲೆ ತಮಗೆ ಅಪಾರ ಗೌರವವಿದೆ, ಆ ಗೌರವದಿಂದಲೇ ಸ್ಪಷ್ಟವಾಗಿ ಹೇಳಿದೆ, ಮಾಧ್ಯಮಗಳ ಮೂಲಕ ಅವರಿಗೆ ತಿಳಿಯಬಾರದೆಂಬುದು ತಮ್ಮ ಇಚ್ಛೆಯಾಗಿತ್ತು, ಆಟಗಾರರು ತಮ್ಮ ಮಾತನ್ನು ಯಾವಾಗಲೂ ಒಪ್ಪಬೇಕೆಂದು ತಾವು ಬಯಸುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ನಾನು ಇದನ್ನು ಬಹಳ ದೊಡ್ಡ ನಡೆ ಎಂದು ತಿಳಿದಿದ್ದೇನೆ. ನೊಂದವರ ಸಿಟ್ಟನ್ನು ಕೇಳಿಸಿಕೊಳ್ಳುವುದೂ ಹೇಳುವವನ ಕೆಲಸದ ಒಂದು ಭಾಗ.

ಮುಂದಿನ ವರ್ಷಕ್ಕೆ ಒಂದು ಸಲಹೆ. ಅಭ್ಯಾಸದ ಮೊದಲ ದಿನವೇ ಆಯ್ಕೆಗೆ ಏನೇನು ನೋಡುತ್ತೇನೆಂದು ಎಲ್ಲರಿಗೂ ಹೇಳಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿಯೊಬ್ಬಳ ಹೆಸರಿಗೂ ಒಂದು ಪುಟ ಬಿಡಿ. 30 ಸೆಕೆಂಡಿನ ರೈಡ್‌ನಲ್ಲಿ ಯಾರು ಬರಿಗೈಯಲ್ಲಿ ಮರಳಿದರು, ಬೋನಸ್ ಗೆರೆ ದಾಟಲು ಯಾರು ಪ್ರಯತ್ನಿಸಿದರು, ಪಕ್ಕದವಳ ಕೈ ಹಿಡಿದು ಚೈನ್ ಕಟ್ಟಿದಾಗ ಯಾರು ಕೈ ಬಿಟ್ಟರು ಎಂಬುದನ್ನು ಅಂದಂದೇ ಬರೆದಿಡಿ. ಬರೆದಿಟ್ಟವರಿಗೆ ಕಾರಣ ಹೇಳುವುದು ಕಷ್ಟವಾಗುವುದಿಲ್ಲ. ಕಾರಣ ಹೇಳಲು ತಡವರಿಸುವವರಲ್ಲಿ ಬಹುಪಾಲು ಮಂದಿ ನೆನಪಿನ ಮೇಲೆ, ಅಂದಾಜಿನ ಮೇಲೆ ಆಯ್ಕೆ ಮಾಡಿರುತ್ತಾರೆ. ಇನ್ನು ಕೆಲವೆಡೆ ಮುಖ್ಯೋಪಾಧ್ಯಾಯರ ಒತ್ತಾಯಕ್ಕೋ ಊರಿನ ಪ್ರಮುಖರೊಬ್ಬರ ಶಿಫಾರಸಿಗೋ ಮಣಿದು ಒಂದು ಹೆಸರು ಸೇರಿರುತ್ತದೆ. ನಿಮ್ಮಲ್ಲಿ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹಾಗಾದ ಕಡೆ ಕೈಬಿಟ್ಟ ಮಗುವಿಗೆ ಎಷ್ಟೇ ಮೃದುವಾಗಿ ಮಾತನಾಡಿದರೂ ಅದು ಪ್ರಾಮಾಣಿಕ ಮಾತಾಗುವುದಿಲ್ಲ, ಮೊದಲು ಪಟ್ಟಿ ಸರಿಯಾಗಬೇಕು.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಐದು ವರ್ಷಗಳಿಂದ ಕ್ರಿಕೆಟ್ ತರಬೇತಿಗೆ ಹೋಗುತ್ತಿದ್ದಾನೆ. 14 ವರ್ಷದೊಳಗಿನವರ ವಲಯ ತಂಡದ ಆಯ್ಕೆಗೆ ಎರಡು ಬಾರಿ ಹೋಗಿ ಬಂದ. ಎರಡು ಬಾರಿಯೂ 'ಚೆನ್ನಾಗಿ ಆಡ್ತಾನೆ ಮೇಡಂ, ಮುಂದಿನ ಸಲ ನೋಡೋಣ' ಎಂಬ ಉತ್ತರವೇ ಸಿಕ್ಕಿತು. ಚೆನ್ನಾಗಿ ಆಡಿದರೆ ಯಾಕೆ ತೆಗೆದುಕೊಳ್ಳಲಿಲ್ಲ? ಯಜಮಾನರು ಹೋಗಿ ಜಗಳ ಮಾಡುತ್ತೇನೆ ಎನ್ನುತ್ತಾರೆ. ನಿಜವಾದ ಕಾರಣ ತಿಳಿಯುವುದು ಹೇಗೆ?
– ಮೈಸೂರಿನ ಒಬ್ಬ ತಾಯಿ

ಉತ್ತರ: ಜಗಳಕ್ಕೆ ಹೋದರೆ ಅದರ ಫಲ ಅನುಭವಿಸುವವನು ನಿಮ್ಮ ಮಗ, ಆದ್ದರಿಂದ ಯಜಮಾನರನ್ನು ದಯವಿಟ್ಟು ತಡೆಯಿರಿ. ಆದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. 'ಮುಂದಿನ ಸಲ ನೋಡೋಣ' ಎಂಬುದು ಹೇಳುವವರಿಗೆ ಸುಲಭವಾದ ಉತ್ತರ; ಕೇಳಿದ ಹುಡುಗನಿಗೆ ಅದರಿಂದ ಒಂದು ವರ್ಷದ ಕಾಯುವಿಕೆಯ ಹೊರತು ಏನೂ ಸಿಗುವುದಿಲ್ಲ.

ಪಟ್ಟಿ ಬಂದ ದಿನ ಯಾರನ್ನೂ ಕೇಳಬೇಡಿ. ಒಂದು ವಾರ ಕಳೆಯಲಿ. ಆಮೇಲೆ ಅವನ ತರಬೇತುದಾರರಿಂದ ಹತ್ತು ನಿಮಿಷದ ಸಮಯ ಕೇಳಿ, ಮಗನನ್ನು ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವನೇ ಕೇಳಲಿ. ನೀವು ಜೊತೆಯಲ್ಲಿದ್ದರೆ ಸಾಕು. ಪ್ರಶ್ನೆಯ ರೂಪವೂ ಮುಖ್ಯ. 'ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ' ಎಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. 'ಸರ್, ನನ್ನ ಬ್ಯಾಟಿಂಗ್‌ನಲ್ಲಿ ನೀವು ಕಂಡ ದೊಡ್ಡ ಕೊರತೆ ಯಾವುದು? ಅದನ್ನು ಸರಿಪಡಿಸಿಕೊಳ್ಳಲು ದಿನವೂ ಏನು ಮಾಡಲಿ?' ಎಂದರೆ ತರಬೇತುದಾರರು ಆಟದ ಬಗ್ಗೆಯೇ ಮಾತನಾಡಬೇಕಾಗುತ್ತದೆ. ಆಫ್ ಸ್ಟಂಪ್ ಹೊರಗೆ ಬಿದ್ದ ಚೆಂಡಿಗೆ ಮುಂಗಾಲು ಹೋಗದೆ ಕೈ ಮಾತ್ರ ಹೋಗುತ್ತದೆ ಎಂಬಂಥ ಒಂದು ನಿರ್ದಿಷ್ಟ ಮಾತು ಸಿಕ್ಕರೂ ನೀವು ಹೋದದ್ದು ಸಾರ್ಥಕ. ಮನೆಗೆ ಬಂದ ಕೂಡಲೇ ಅದನ್ನು ಅವನ ಕೈಯಿಂದಲೇ ಬರೆಸಿಡಿ.

ಬರೆಸಿಡಿ ಎನ್ನುವುದಕ್ಕೆ ಕಾರಣ ಹೇಳುತ್ತೇನೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿದ ಕರುಣ್ ನಾಯರ್ 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಒಂದು ಟೆಸ್ಟ್ ಕೂಡ ಆಡಲಿಲ್ಲ, ಮುಂದಿನ ಸರಣಿಯ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ತಮ್ಮೊಂದಿಗೆ ಯಾರೂ ಮಾತನಾಡಿಲ್ಲ ಎಂದು ಕರುಣ್ ಹೇಳಿದರು. ಮರಳಿ ಬರುವ ದಾರಿಯನ್ನು ತಾವೇ ತಿಳಿಸಿದ್ದಾಗಿ ಆಯ್ಕೆ ಸಮಿತಿಯ ಅಧ್ಯಕ್ಷರು ಹೇಳಿದರು. ಯಾರದು ಸರಿ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ದೇಶಕ್ಕೆ ಆಡಿದ ಆಟಗಾರನ ವಿಷಯದಲ್ಲೇ ಹೇಳಿದ್ದು ಒಂದು, ತಲುಪಿದ್ದು ಇನ್ನೊಂದು ಆಗಬಹುದಾದರೆ, ನೂರಾರು ಹುಡುಗರು ಸಾಲುಗಟ್ಟಿ ನಿಂತ ಆಯ್ಕೆ ಶಿಬಿರದಲ್ಲಿ ಏನಾಗಬಹುದೆಂದು ಯೋಚಿಸಿ. ಕರುಣ್ 2025ರಲ್ಲಿ ಮತ್ತೆ ಭಾರತ ತಂಡಕ್ಕೆ ಬಂದದ್ದು, ಅದಕ್ಕೆ ಮೊದಲು ವಿದರ್ಭದ ಪರವಾಗಿ ರಣಜಿಯಲ್ಲಿ ಆಡಿ ರನ್ ಗುಡ್ಡೆ ಹಾಕಿದ್ದು ನಿಮಗೆ ಗೊತ್ತಿರುತ್ತದೆ. ಎಲ್ಲರಿಗೂ ಹಾಗಾಗುತ್ತದೆ ಎಂಬ ಭರವಸೆಗಾಗಿ ಇದನ್ನು ನೆನೆಯುತ್ತಿಲ್ಲ. ಬಹಳ ಮಂದಿಗೆ ಹಾಗಾಗುವುದಿಲ್ಲ.

ನೀವು ಎದುರು ನೋಡಬೇಕಾದ ಇನ್ನೊಂದು ಉತ್ತರವಿದೆ. ಆಯ್ಕೆಯ ದಿನ ನೆಟ್ಸ್‌ನಲ್ಲಿ ಒಬ್ಬೊಬ್ಬನಿಗೆ ಸಿಗುವುದು ಕೆಲವೇ ಚೆಂಡುಗಳು. 'ನಾವು ನೋಡಿದ್ದೇ ಸ್ವಲ್ಪ, ಆ ಸ್ವಲ್ಪದಲ್ಲಿ ಬೇರೆಯವರು ಹೆಚ್ಚು ಕಂಡರು' ಎಂದು ಒಬ್ಬ ಆಯ್ಕೆಗಾರ ಹೇಳಿದರೆ ಅದು ನುಣುಚಿಕೊಳ್ಳುವ ಮಾತೆಂದು ಭಾವಿಸಬೇಡಿ; ಬಹುಶಃ ಅದೇ ಅತ್ಯಂತ ಪ್ರಾಮಾಣಿಕ ಉತ್ತರ. ಅಲ್ಲದೆ ಈ ವಯಸ್ಸಿನಲ್ಲಿ ಮೈ ಬೆಳವಣಿಗೆ ಒಬ್ಬೊಬ್ಬರದು ಒಂದೊಂದು ಬಗೆ. ಬೇಗ ಬೆಳೆದ ಹುಡುಗ ಮೀಸೆ ಚಿಗುರಿಸಿಕೊಂಡು ಬೌಂಡರಿ ಬಾರಿಸುತ್ತಿರುತ್ತಾನೆ, ತಡವಾಗಿ ಬೆಳೆಯುವವನ ಅದೇ ಹೊಡೆತ ವೃತ್ತದ ಅಂಚಿನಲ್ಲಿ ನಿಂತುಬಿಡುತ್ತದೆ. ನಿಮ್ಮ ಮಗನ ವಿಷಯ ಇದೇ ಆಗಿದ್ದರೆ ತರಬೇತುದಾರರು ಹಾಗೆಂದು ಬಾಯಿಬಿಟ್ಟು ಹೇಳಬೇಕು. ಸದ್ಯಕ್ಕೆ ಶಕ್ತಿ ಸಾಲದು, ಕ್ರಮ ಸರಿಯಿದೆ ಎಂಬ ಮಾತಿಗೂ ಕ್ರಮವೇ ಸರಿಯಿಲ್ಲ ಎಂಬ ಮಾತಿಗೂ ಅಜಗಜಾಂತರವಿದೆ, ಯಾವುದೆಂದು ತಿಳಿಯದೆ ಹುಡುಗ ಚೆನ್ನಾಗಿರುವ ಆಟವನ್ನೇ ಬದಲಿಸಿಕೊಂಡು ಕೆಡಿಸಿಕೊಳ್ಳುವುದುಂಟು. ಎರಡರಲ್ಲಿ ಯಾವುದು ಎಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಎತ್ತರ 5 ಅಡಿ 6 ಅಂಗುಲ. ಕಾಲೇಜಿನ ವಾಲಿಬಾಲ್ ತಂಡದಿಂದ ನನ್ನನ್ನು ಬಿಟ್ಟರು. ಕೇಳಿದ್ದಕ್ಕೆ 'ಎತ್ತರ ಸಾಲದಪ್ಪಾ, ಏನು ಮಾಡೋಣ' ಎಂದರು. ಎತ್ತರ ನನ್ನ ಕೈಯಲ್ಲಿಲ್ಲ. ಆಟ ಬಿಡುವುದೇ ಲೇಸೇ?
– ಶಿವಮೊಗ್ಗ ಜಿಲ್ಲೆಯ ಒಬ್ಬ ವಿದ್ಯಾರ್ಥಿ

ಉತ್ತರ: ನಿಮಗೆ ಹೇಳಿದ್ದು ಸುಳ್ಳಲ್ಲ. ಪುರುಷರ ನೆಟ್‌ನ ಎತ್ತರ 2.43 ಮೀಟರ್. ಅದರ ಮೇಲೆ ಕೈ ಎತ್ತಿ ಸ್ಮ್ಯಾಶ್ ಮಾಡುವುದಕ್ಕೂ ಬ್ಲಾಕ್ ಮಾಡುವುದಕ್ಕೂ ಎತ್ತರ ಬೇಕೇ ಬೇಕು, ಜಿಗಿತದಿಂದ ಒಂದಿಷ್ಟು ಸರಿದೂಗಿಸಬಹುದು ಅಷ್ಟೆ. ಆದರೆ ಆ ಉತ್ತರ ಅರ್ಧಕ್ಕೇ ನಿಂತಿದೆ. ಬದಲಿಸಲಾಗದ ಕಾರಣವನ್ನು ಹೇಳಿದವರು, ಬದಲಿಸಬಹುದಾದದ್ದು ಏನಾದರೂ ಇದೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಿತ್ತು.

ಅಂತರರಾಷ್ಟ್ರೀಯ ವಾಲಿಬಾಲ್‌ನಲ್ಲಿ 1998ರಲ್ಲಿ ಲಿಬೆರೋ ಎಂಬ ಸ್ಥಾನವನ್ನು ತಂದರು. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಈ ಆಟಗಾರ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಎದುರಾಳಿಯತ್ತ ಹೊಡೆಯುವಂತಿಲ್ಲ. ಸರ್ವೀಸ್ ರಿಸೀವ್ ಮಾಡುವುದು, ನೆಲಕ್ಕೆ ಬೀಳುವ ಚೆಂಡನ್ನು ಎತ್ತಿ ಲಿಫ್ಟರ್‌ಗೆ, ಅಂದರೆ ಸ್ಮ್ಯಾಶ್ ಮಾಡುವವರಿಗೆ ಚೆಂಡು ಎತ್ತಿಕೊಡುವ ಆಟಗಾರನಿಗೆ, ತಲುಪಿಸುವುದು ಅವನ ಕೆಲಸ. ಅಲ್ಲಿ ಎತ್ತರಕ್ಕಿಂತ ಕಾಲಿನ ಚುರುಕು ಮುಖ್ಯ. ಆದ್ದರಿಂದ ನಿಮ್ಮ ತರಬೇತುದಾರರ ಬಳಿ ಮತ್ತೆ ಹೋಗಿ, 'ಸರ್, ಲಿಬೆರೋ ಸ್ಥಾನಕ್ಕೆ ನನ್ನ ರಿಸೀವ್ ಸಾಕೇ?' ಎಂದು ಕೇಳಿ. ಸಾಲದು ಎಂದರೆ ಎಷ್ಟು ಸಾಲದು ಎಂದೂ ಕೇಳಿ. ಅದಕ್ಕೂ ಇಲ್ಲವೆಂಬ ಉತ್ತರ ಬಂದರೆ, ಕಾಲೇಜು ತಂಡದ ಬಾಗಿಲು ಈ ವರ್ಷಕ್ಕೆ ಮುಚ್ಚಿದೆ ಎಂದು ಒಪ್ಪಿಕೊಂಡು ಊರಿನ ತಂಡದಲ್ಲಿ ಆಡಿ. ಸಂಜೆ ಆಡುವ ಆಟದ ಸಂತೋಷಕ್ಕೆ ಯಾರ ಪಟ್ಟಿಯೂ ಬೇಕಿಲ್ಲ.

ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್ ಅವರನ್ನು ಶಾಲಾ ತಂಡದಿಂದ ಹೊರಹಾಕಿದ್ದರು ಎಂಬ ಕಥೆಯನ್ನು ಯಾರಾದರೂ ನಿಮಗೆ ಸಮಾಧಾನಕ್ಕೆ ಹೇಳಿಯೇ ಇರುತ್ತಾರೆ. ನಡೆದದ್ದು ಇಷ್ಟು: 1978ರಲ್ಲಿ ಅವರನ್ನು ಶಾಲೆಯ ಮುಖ್ಯ ತಂಡದ ಬದಲು ಕಿರಿಯರ ತಂಡದಲ್ಲಿ ಆಡಿಸಿದರು, ಮುಖ್ಯ ತಂಡಕ್ಕೆ ಎತ್ತರದವರು ಬೇಕಾಗಿದ್ದರಿಂದ ಅವರಿಗಿಂತ ಎತ್ತರವಿದ್ದ ಸಹಪಾಠಿಯೊಬ್ಬರನ್ನು ತೆಗೆದುಕೊಂಡರು. ಆಮೇಲೆ ಅವರೂ ಎತ್ತರಕ್ಕೆ ಬೆಳೆದರು. ಪದವಿ ಓದುವ ವಯಸ್ಸಿನ ನೀವು ಆ ಕಥೆಯ ಮೇಲೆ ಭರವಸೆ ಇಡುವುದಕ್ಕಿಂತ ನಿಮ್ಮ ರಿಸೀವ್ ಮೇಲೆ ಇಡುವುದು ಒಳ್ಳೆಯದು.

ಪ್ರಶ್ನೆ: ನಾನು ನಮ್ಮ ಊರಿನ ಖೋ ಖೋ ಕ್ಲಬ್ಬಿನ ನಾಯಕಿ. ತರಬೇತುದಾರರು ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಂಡದ ಪಟ್ಟಿ ಹಾಕಿದರು. ನನ್ನ ಗೆಳತಿಯ ಹೆಸರಿರಲಿಲ್ಲ. ಅವಳು ಗುಂಪಿನಲ್ಲೇ ಕಾರಣ ಕೇಳಿದಳು, ಅವರು ಅಲ್ಲೇ ಎಲ್ಲರೆದುರು ಕಾರಣ ಬರೆದರು. ಈಗ ಅವಳು ನನ್ನನ್ನು ಕೇಳುತ್ತಿದ್ದಾಳೆ. ನಾನೇನು ಹೇಳಲಿ?
– ಕಲಬುರಗಿಯ ಒಬ್ಬ ಆಟಗಾರ್ತಿ

ಉತ್ತರ: ತರಬೇತುದಾರರ ಪರವಾಗಿ ನೀವು ಕಾರಣ ವಿವರಿಸಲು ಹೋಗಬೇಡಿ. ಆಯ್ಕೆ ನಿಮ್ಮದಲ್ಲ, ಅದರ ಹೊಣೆಯೂ ನಿಮ್ಮದಲ್ಲ. 'ನಿನ್ನನ್ನು ತೆಗೆದುಕೊಳ್ಳಬೇಕಿತ್ತು, ಅವರಿಗೇನು ಗೊತ್ತು' ಎಂದು ಸಮಾಧಾನಕ್ಕಾಗಿ ಹೇಳುವುದೂ ಬೇಡ, ನಿಮಗೆ ನಿಜವಾಗಿ ಹಾಗೆ ಅನ್ನಿಸದಿದ್ದರೆ. ಅವಳ ಆಟದ ಬಗ್ಗೆ ನಿಮಗೆ ಕಂಡದ್ದನ್ನು ಅವಳೇ ಕೇಳಿದಾಗ, ಇಬ್ಬರೇ ಇದ್ದಾಗ ಹೇಳಿ. ಕಂಬ ಸುತ್ತಿ ಬರುವಾಗ ವೇಗ ತಗ್ಗುತ್ತದೆ ಎಂದಿದ್ದರೆ ಅಷ್ಟನ್ನೇ ಹೇಳಿ, ಬೆಳಿಗ್ಗೆ ಜೊತೆಗೆ ಬಂದು ಓಡುತ್ತೇನೆ ಎನ್ನಿ.

ತರಬೇತುದಾರರಿಗೆ ನಾಯಕಿಯಾಗಿ ನೀವು ಒಂದು ಮಾತು ಹೇಳಬಹುದು. ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕುವುದರಲ್ಲಿ ತಪ್ಪಿಲ್ಲ, ಅದು ಬೇಕು ಕೂಡ. ಆದರೆ ಅದನ್ನು ಹಾಕುವ ಮೊದಲು ಹೆಸರಿಲ್ಲದವರಿಗೆ ಒಬ್ಬೊಬ್ಬರಿಗೂ ತಿಳಿದಿರಬೇಕು, ಕಾರಣವನ್ನು ಗುಂಪಿನಲ್ಲಿ ಬರೆಯಲೇಬಾರದು. ಅಲ್ಲಿ ಬರೆದದ್ದನ್ನು ಯಾರೋ ಚಿತ್ರ ತೆಗೆದು ಇನ್ನೆಲ್ಲಿಗೋ ಕಳಿಸುತ್ತಾರೆ, ಅದು ವರ್ಷಗಟ್ಟಲೆ ಆ ಹುಡುಗಿಯ ಹಿಂದೆ ಸುತ್ತುತ್ತದೆ. ಕೇಳಿದರೆ ಗುಂಪಿನಲ್ಲಿ 'ನಾಳೆ ಮೈದಾನದಲ್ಲಿ ಮಾತನಾಡೋಣ' ಎಂದಷ್ಟೇ ಬರೆಯಲಿ, ಮರುದಿನ ತಪ್ಪದೆ ಮಾತನಾಡಲಿ. ರಾತ್ರಿ ಹತ್ತಕ್ಕೆ ಹಾಕುವ ಪಟ್ಟಿಯನ್ನು ಬೆಳಿಗ್ಗೆ ಅಭ್ಯಾಸ ಮುಗಿದ ಮೇಲೆ ಹಾಕಿದರೆ ಇನ್ನೂ ಒಳ್ಳೆಯದು, ಆಗ ಕೇಳುವವರಿಗೆ ಕೇಳಲು ಎದುರಿಗೇ ಒಬ್ಬರು ಇರುತ್ತಾರೆ.